ಐಕ್ಯೂ ಎಂಬತ್ತೆಂಟು ಅಂದರೆ ಪಾಸೋ, ಫೇಲೋ?

ನಂಜನಗೂಡು, ಟಿ. ನರಸೀಪುರದ ಕಡೆಯಿಂದ ಮಗುವಿಗೆ ಬುದ್ಧಿಮತ್ತೆ ಪರೀಕ್ಷೆ ಮಾಡಿಸಲು ಹೊರಟವರು ಹೆಚ್ಚಾಗಿ ಹೋಗಿ ಇಳಿಯುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಜನರ ಬಾಯಲ್ಲಿ ‘ಆಯಿಷ್’. ಮಾತು ತಡವಾದ ಮಗು, ಕಿವಿ ಮಂದವಾದ ಮಗು, ಐದನೇ ಕ್ಲಾಸಿಗೆ ಬಂದರೂ ಓದು ಹತ್ತದ ಮಗು, ಎಲ್ಲರೂ ಅಲ್ಲಿಗೇ. ಸಂಜೆ ಬಸ್ಸಿಗೆ ವಾಪಸಾಗುವಾಗ ಕೈಯಲ್ಲಿ ಇಂಗ್ಲಿಷಿನ ಒಂದು ವರದಿ ಇರುತ್ತದೆ. ಅದರಲ್ಲಿ ನಾಲ್ಕಾರು ಪ್ಯಾರಾ ಇದ್ದರೂ ಮನೆಯವರ ಕಣ್ಣು ನೆಡುವುದು ಒಂದೇ ಸಂಖ್ಯೆಯ ಮೇಲೆ. ಅದು 88 ಎಂದಿಟ್ಟುಕೊಳ್ಳಿ.

ಅಪ್ಪನಿಗೆ ಅದು ಡಿಸ್ಟಿಂಕ್ಷನ್. ಶಾಲೆಯಲ್ಲಿ ಅದೇ ಹಾಳೆ ನೋಡಿದ ಮೇಷ್ಟ್ರಿಗೆ ಅದು “ನೂರಕ್ಕಿಂತ ಕಮ್ಮಿ, ನಾನು ಆಗಲೇ ಹೇಳಿರಲಿಲ್ವಾ”. ಸಂಖ್ಯೆ ಒಂದೇ, ಓದಿದ ಬಗೆ ಎರಡು, ಎರಡೂ ತಪ್ಪು. ನಮ್ಮ ತಾಲ್ಲೂಕುಗಳಲ್ಲಿ ಮಾರ್ಕ್ಸ್ ಕೈಕೊಟ್ಟ ಮೇಲೆಯೇ ಯಾರಾದರೂ ಈ ಪರೀಕ್ಷೆಯ ಹೆಸರೆತ್ತುವುದು. ಹಾಗಾಗಿ ಐಕ್ಯೂ ಅಂದರೆ ಇನ್ನೊಂದು ಬಗೆಯ ಮಾರ್ಕ್ಸ್ ಕಾರ್ಡ್ ಎಂದು ಜನ ಅಂದುಕೊಂಡುಬಿಟ್ಟಿದ್ದಾರೆ. ನನ್ನ ಪ್ರಕಾರ ಇವೆರಡೂ ಒಂದೇ ಮಾತು ಹೇಳಿದಾಗ ಅಂಥ ವಿಶೇಷವೇನೂ ಇಲ್ಲ. ಒಂದಕ್ಕೊಂದು ತಾಳೆಯಾಗದಾಗಲೇ ಮಗುವಿನ ಬಗ್ಗೆ ಏನಾದರೂ ಗೊತ್ತಾಗುವುದು.

“ನೂರಕ್ಕೆ ಎಂಬತ್ತೆಂಟು ಬಂದದೆ”

ನೂರಕ್ಕೆ ಅಲ್ಲ. ಐಕ್ಯೂದಲ್ಲಿ 100 ಎಂಬುದು ತುದಿಯಲ್ಲಿಲ್ಲ, ನಟ್ಟನಡುವೆ ಇದೆ. ಒಂದೇ ವಯಸ್ಸಿನ ಮಕ್ಕಳ ದೊಡ್ಡ ಗುಂಪಿಗೆ ಪರೀಕ್ಷೆ ಕೊಟ್ಟು, ಅವರ ಸರಾಸರಿ ಎಲ್ಲಿ ಬಂತೋ ಅದಕ್ಕೆ 100 ಎಂದು ಹೆಸರಿಡುತ್ತಾರೆ. ಉಳಿದವರು ಆ ನಡುವಿನಿಂದ ಎಷ್ಟು ಆಚೆ, ಎಷ್ಟು ಈಚೆ ಎಂಬುದೇ ಅಂಕ. ಇವತ್ತಿನ ಬಹುತೇಕ ಪರೀಕ್ಷೆಗಳಲ್ಲಿ ನೂರು ಮಕ್ಕಳಿದ್ದರೆ ಸುಮಾರು 68 ಮಂದಿ 85ರಿಂದ 115ರ ಒಳಗೆ ಬರುತ್ತಾರೆ. 130 ದಾಟುವವರು ಸುಮಾರು ಇಬ್ಬರು, 70ರ ಕೆಳಗಿರುವವರೂ ಸುಮಾರು ಇಬ್ಬರೇ.

ಈ ಲೆಕ್ಕದಲ್ಲಿ 88 ಬಂದ ಹುಡುಗನಿಗಿಂತ ಕಡಿಮೆ ಬಂದವರು ನೂರರಲ್ಲಿ ಸುಮಾರು 21 ಮಂದಿ. ನಲವತ್ತು ಮಕ್ಕಳ ಸರ್ಕಾರಿ ಶಾಲೆಯ ತರಗತಿಯಲ್ಲಿ ಅವನ ಹಿಂದೆ ಎಂಟು ಮಕ್ಕಳಿದ್ದಾರು. ಅವನು ಸಾಮಾನ್ಯ ಮಕ್ಕಳ ಗುಂಪಿನೊಳಗೇ ಇದ್ದಾನೆ, ತುಸು ಕೆಳಗಿನ ಕಡೆಗೆ. ಡಿಸ್ಟಿಂಕ್ಷನ್ನೂ ಅಲ್ಲ, ದಡ್ಡತನವೂ ಅಲ್ಲ.

ಇನ್ನೊಂದು ಮಾತು. 88 ಅಂದರೆ ಅಚ್ಚೊತ್ತಿದಂತೆ 88 ಅಲ್ಲ. ಯಾವ ಪರೀಕ್ಷೆಗೂ ಅಳತೆಯ ತಪ್ಪು ಇದ್ದೇ ಇರುತ್ತದೆ. ಐದು ಅಂಕ ಆಚೆ, ಐದು ಅಂಕ ಈಚೆ ಎಂದು ಓದಿಕೊಳ್ಳುವುದು ಕ್ಷೇಮ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಎದ್ದು, ತಿಂಡಿ ಸರಿಯಾಗಿ ತಿನ್ನದೆ, ಗುರುತಿಲ್ಲದ ಕೋಣೆಯಲ್ಲಿ ಗುರುತಿಲ್ಲದ ಮೇಡಂ ಎದುರು ಕೂತ ಮಗುವಿನ ಅಂಕ ಅದು. ಮುಂದಿನ ಸಲ 91 ಬಂದರೆ ಮಗು ಚುರುಕಾಯಿತು ಎಂದು ಕುಣಿಯಬೇಕಿಲ್ಲ, 85 ಬಂದರೆ ಮಂಕಾಯಿತು ಎಂದು ಕೊರಗಬೇಕಿಲ್ಲ.

ಹಳೆಯ ಪಟ್ಟಿಯಲ್ಲಿ 80ರಿಂದ 89ರವರೆಗಿನವರಿಗೆ ‘ಡಲ್ ನಾರ್ಮಲ್’ ಎಂಬ ಹೆಸರಿತ್ತು. ಹೊಸ ಕೈಪಿಡಿಗಳು ಅದನ್ನು ಬಿಟ್ಟು ‘ಸರಾಸರಿಯ ಕೆಳಭಾಗ’ ಎನ್ನುತ್ತವೆ. ಹಳೆಯ ಹೆಸರನ್ನೇ ಇನ್ನೂ ಬಳಸುವ ವರದಿ ಸಿಕ್ಕರೆ, ಮಗುವಿನ ಎದುರು ಅದನ್ನು ಗಟ್ಟಿಯಾಗಿ ಓದಬೇಡಿ. ಆ ಎರಡು ಪದಗಳಲ್ಲಿ ಮೊದಲನೆಯದು ಮಾತ್ರ ಊರು ಸೇರುತ್ತದೆ.

“ಮಿಷಿನ್ ಹಾಕಿ ತಲೆ ಅಳೀತಾರೆ”

ಮಿಷಿನ್ ಇಲ್ಲ, ತಲೆಗೆ ತಂತಿಯೂ ಇಲ್ಲ. ಇರುವುದು ಪ್ರಶ್ನೆ, ಚಿತ್ರ, ಬಣ್ಣದ ಕಟ್ಟಿಗೆ ತುಂಡು, ಜೊತೆಗೆ ಒಂದು ಗಡಿಯಾರ.

ಚಿಕ್ಕ ಮಕ್ಕಳಿಗೆ ಕೊಡುವ ಸೆಗ್ವಿನ್ ಫಾರ್ಮ್ ಬೋರ್ಡ್ ಎಂಬ ಮರದ ಹಲಗೆಯನ್ನೇ ನೋಡಿ. ಹಲಗೆಯಲ್ಲಿ ಹತ್ತು ಗುಂಡಿ ಕೊರೆದಿರುತ್ತಾರೆ: ನಕ್ಷತ್ರ, ವೃತ್ತ, ಚೌಕ, ತ್ರಿಕೋನ, ಶಿಲುಬೆ, ಅರ್ಧವೃತ್ತ ಹೀಗೆ. ಅದಕ್ಕೆ ಹೊಂದುವ ಹತ್ತು ತುಂಡುಗಳನ್ನು ಮಗುವಿನ ಮುಂದೆ ಮೂರು ಅಡಕಾಗಿ ಪೇರಿಸಿಡುತ್ತಾರೆ. “ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಅವುಗಳ ಜಾಗಕ್ಕೆ ಹಾಕು.” ಮಗು ನಕ್ಷತ್ರವನ್ನು ಶಿಲುಬೆಯ ಗುಂಡಿಗೆ ಒತ್ತಿ ನೋಡುತ್ತದೆ, ಕೂರುವುದಿಲ್ಲ, ತಿರುಗಿಸುತ್ತದೆ, ಅಮ್ಮನ ಮುಖ ನೋಡುತ್ತದೆ, ಕೊನೆಗೆ ಸರಿಯಾದ ಗುಂಡಿ ಸಿಗುತ್ತದೆ. ಇದು ಮೂರು ಸಲ. ಮೂರರಲ್ಲಿ ಅತಿ ಕಡಿಮೆ ಹಿಡಿದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡು ವಯಸ್ಸಿನ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಆ ಪಟ್ಟಿ ಪರದೇಶದ್ದಾದರೆ ಹೋಲಿಕೆಯೇ ಅಡ್ಡದಾರಿ ಹಿಡಿಯುತ್ತದೆ. ಭಾರತೀಯ ಮಕ್ಕಳ ಮೇಲೆ ಈ ಹಲಗೆಯ ಪಟ್ಟಿ ತಯಾರಾದದ್ದು ಇದೇ ಮೈಸೂರಿನ ಆಯಿಷ್‌ನಲ್ಲಿ, ಜೆ. ಭರತ್ ರಾಜ್ ಅವರು ಅದನ್ನು 1971ರಲ್ಲಿ ಸಂಸ್ಥೆಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಇವತ್ತಿಗೂ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಆ ಹೆಸರು ಕೇಳಿಬರುತ್ತದೆ.

ದೊಡ್ಡ ಮಕ್ಕಳಿಗೆ ಬೇರೆ ಪರೀಕ್ಷೆಗಳಿವೆ, ಅವುಗಳಲ್ಲಿ ಒಂದಕ್ಕೆ ಕನ್ನಡದ್ದೇ ಬೇರು. ಪ್ಯಾರಿಸ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋ 1905ರಲ್ಲಿ ಮೊದಲ ಪರೀಕ್ಷೆ ಕಟ್ಟಿದರು. ಶಾಲೆಯಲ್ಲಿ ಹಿಂದುಳಿದ ಮಕ್ಕಳಲ್ಲಿ ಯಾರಿಗೆ ವಿಶೇಷ ನೆರವು ಬೇಕು ಎಂದು ಗುರುತಿಸುವುದು ಅವರ ಕೆಲಸವಾಗಿತ್ತು. ಬುದ್ಧಿವಂತರ ಪಟ್ಟಿ ಮಾಡಿ ಹಾರ ಹಾಕುವುದು ಅವರ ತಲೆಯಲ್ಲೇ ಇರಲಿಲ್ಲ. ಆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದ ಕಡೆಯ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಅದರ ಪುಸ್ತಕ 1940ರಲ್ಲಿ ಬಂತು. ‘ಬಿನೆ–ಕಾಮತ್’ ಎಂದು ವರದಿಯಲ್ಲಿ ಕಂಡರೆ ಇದೇ ಅದು. ಇತ್ತ ಮೈಸೂರಿನಲ್ಲಿ, ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ ಕಟ್ಟಿ, ಪಶ್ಚಿಮದ ಪರೀಕ್ಷೆಗಳನ್ನು ಇಲ್ಲಿನವರಿಗೆ ಹೊಂದಿಸಲು ಹೊರಟಿದ್ದರು. (1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಗೋಪಾಲಸ್ವಾಮಿ ಇವರೇ. ಜನ ಅವರನ್ನು ರೇಡಿಯೊಗೆ ನೆನೆಯುತ್ತಾರೆ, ಮನೋವಿಜ್ಞಾನಕ್ಕೆ ಅಷ್ಟಾಗಿ ಇಲ್ಲ.)

ಬಿನೆ–ಕಾಮತ್ ಮಾದರಿಯಲ್ಲಿ ಲೆಕ್ಕ ಸರಳ. ಮಗು ಯಾವ ವಯಸ್ಸಿನವರ ಪ್ರಶ್ನೆಗಳವರೆಗೆ ಉತ್ತರಿಸಿತು ಎಂಬುದು ಮಾನಸಿಕ ವಯಸ್ಸು. ಅದನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಹತ್ತು ವರ್ಷದ ಮಗು ಎಂಟರವರಷ್ಟು ಮಾಡಿದರೆ 80. ತೊಡಕು ಇರುವುದು ಪಟ್ಟಿಯ ವಯಸ್ಸಿನಲ್ಲಿ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ತೋರಿಸಿಕೊಟ್ಟಂತೆ, 20ನೇ ಶತಮಾನದಲ್ಲಿ ಅನೇಕ ದೇಶಗಳ ಮಕ್ಕಳು ದಶಕಕ್ಕೆ ಸುಮಾರು 3 ಅಂಕದಂತೆ ಮೇಲೇರಿದ್ದಾರೆ. ಅಜ್ಜಂದಿರ ಕಾಲದ ಪಟ್ಟಿಯೊಂದಿಗೆ ಇವತ್ತಿನ ಮಗುವನ್ನು ಹೋಲಿಸಿದರೆ ಅಂಕ ಉಬ್ಬುವುದು ಸಹಜ. ಅದಕ್ಕೇ ವರದಿ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ಬಂತು” ಎಂಬುದಲ್ಲ, “ಯಾವ ಪರೀಕ್ಷೆಯಲ್ಲಿ” ಎಂಬುದು.

“ಐಕ್ಯೂ ಇದ್ದೋರಿಗೆ ಮಾರ್ಕ್ಸ್ ತಾನಾಗೇ ಬರ್ತದೆ”

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಕೂತಿದೆ.

ಬುದ್ಧಿಮತ್ತೆಯ ಅಂಕಕ್ಕೂ ಶಾಲೆಯ ಅಂಕಕ್ಕೂ ನಂಟು ಇದೆ, ಸಣ್ಣದೂ ಅಲ್ಲ. ನಂಟೇ ಇಲ್ಲದಿದ್ದರೆ 0, ಪೂರ್ತಿ ಹೆಣೆದುಕೊಂಡಿದ್ದರೆ 1 ಎಂದಿಟ್ಟುಕೊಂಡರೆ, ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸಿಗುವುದು 0.5ರ ಆಸುಪಾಸು. ಈ 0.5ನ್ನು ಅರ್ಧಕ್ಕರ್ಧ ಎಂದು ಓದಬಾರದು. ಮಕ್ಕಳ ಮಾರ್ಕ್ಸ್‌ನಲ್ಲಿ ಕಾಣುವ ಏರುಪೇರಿನಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ಅದು ಲೆಕ್ಕ ಕೊಡುತ್ತದೆ. ಎಲ್ಲ ವಿಷಯಗಳಲ್ಲೂ ಒಂದೇ ಅಳತೆಯೂ ಅಲ್ಲ. ಇಂಗ್ಲೆಂಡಿನಲ್ಲಿ 70 ಸಾವಿರಕ್ಕೂ ಹೆಚ್ಚು ಮಕ್ಕಳನ್ನು 11ನೇ ವಯಸ್ಸಿನಲ್ಲಿ ಪರೀಕ್ಷಿಸಿ, 16ರ ಬೋರ್ಡ್ ಪರೀಕ್ಷೆಯವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2007ರಲ್ಲಿ ಬಂತು. ಅಲ್ಲಿ ನಂಟು ಇನ್ನೂ ಬಿಗಿಯಾಗಿ ಕಂಡಿತು. ಆದರೂ ಗಣಿತದ ಏರುಪೇರಿನಲ್ಲಿ ಶೇ 59ರಷ್ಟನ್ನು ವಿವರಿಸಿದ ಅದೇ ಅಂಕ, ಚಿತ್ರಕಲೆ ಮತ್ತು ವಿನ್ಯಾಸದಲ್ಲಿ ವಿವರಿಸಿದ್ದು ಶೇ 18ನ್ನು ಮಾತ್ರ.

ಉಳಿದದ್ದು ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ಏಂಜೆಲಾ ಡಕ್‌ವರ್ತ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಎಂಟನೇ ತರಗತಿಯ ಮಕ್ಕಳನ್ನು ನೋಡಿ 2005ರಲ್ಲಿ ಬರೆದದ್ದು ಹೀಗೆ: ವರ್ಷದ ಕೊನೆಯ ಗ್ರೇಡನ್ನು ಐಕ್ಯೂಗಿಂತ ಎರಡು ಪಟ್ಟು ಹೆಚ್ಚು ಚೆನ್ನಾಗಿ ವಿವರಿಸಿದ್ದು ಮಗುವಿನ ಸ್ವಯಂ ಶಿಸ್ತು. ಒಂದೇ ಅಧ್ಯಯನವನ್ನು ಹಿಡಿದು ಜೋತಾಡಬೇಕಿಲ್ಲ. ಆದರೆ ಹೋಂವರ್ಕ್ ತಪ್ಪದೆ ಮುಗಿಸುವ ಮಗು, ತಪ್ಪದೆ ಶಾಲೆಗೆ ಬರುವ ಮಗು ಮುಂದೆ ಹೋಗುತ್ತದೆ ಎಂದು ಯಾವ ಮೇಷ್ಟ್ರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ನಾಲೆ ಬಯಲಿನ ಟಿ. ನರಸೀಪುರದಲ್ಲಿ ನಾಟಿಯ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿಯ ಕಿರುಪರೀಕ್ಷೆಯ ಅಂಕ ಬಿದ್ದರೆ, ಬಿದ್ದದ್ದು ಅವಳ ಬುದ್ಧಿಯಲ್ಲ. ನಂಜನಗೂಡಿನ ದೊಡ್ಡಜಾತ್ರೆ ಬರುವುದೇ ಪರೀಕ್ಷೆಯ ಹೊತ್ತಿಗೆ. ಪಂಚರಥ ಎಳೆಯುವಾಗ ರಥಬೀದಿಯ ಮನೆಯೊಳಗೆ ಸಮಾಜ ವಿಜ್ಞಾನ ಓದುತ್ತ ಕೂರುವುದಕ್ಕೆ ಬೇಕಾದದ್ದು ಐಕ್ಯೂ ಅಲ್ಲ!

ಮಾರ್ಕ್ಸ್‌ನ ಒಳಗೇ ಏನೇನಿದೆ ನೋಡಿ. ಎಸ್ಸೆಸ್ಸೆಲ್ಸಿಯ ಒಟ್ಟು 625ರಲ್ಲಿ ಬಹುತೇಕ ವಿಷಯಕ್ಕೆ ನೂರಕ್ಕೆ 20 ಅಂಕ ಶಾಲೆಯವರೇ ಕೊಡುವ ಆಂತರಿಕ ಅಂಕ. ಪಾಸಿನ ಲೆಕ್ಕವಂತೂ ಪರೀಕ್ಷೆ ನಡೆಸುವ ಬಗೆಗೆ ತಕ್ಕಂತೆ ಕುಣಿಯುತ್ತದೆ. 2021ರಲ್ಲಿ ಕೋವಿಡ್‌ನಿಂದಾಗಿ ಎರಡೇ ದಿನ, ಬರೀ ಬಹು ಆಯ್ಕೆಯ ಪ್ರಶ್ನೆ. ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾಸು. 2023ರಲ್ಲಿ ಶೇ 83.89. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಗ್ರೇಸ್ ಅಂಕವನ್ನು ಧಾರಾಳವಾಗಿ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮೂರು ವರ್ಷದಲ್ಲಿ ಕರ್ನಾಟಕದ ಮಕ್ಕಳ ಮೆದುಳು ಹೀಗೆ ಏರಿಳಿಯಿತೇ? ಬದಲಾದದ್ದು ಪ್ರಶ್ನೆಪತ್ರಿಕೆ ಮತ್ತು ಕಾವಲು.

“ಮಾರ್ಕ್ಸ್ ಇಲ್ಲ ಅಂದ್ರೆ ತಲೆ ಇಲ್ಲ”

ಇದೇ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ.

ಆರನೇ ಕ್ಲಾಸಿನ ಹುಡುಗನೊಬ್ಬ ತಲಕಾಡಿನ ಗಂಗರ ಬಗ್ಗೆ ಪಾಠ ಕೇಳಿ, ಬಾಯಲ್ಲಿ ಕೇಳಿದರೆ ಒಂದೂ ಬಿಡದೆ ಹೇಳುತ್ತಾನೆ. ಬರೆ ಎಂದರೆ ಹಾಳೆ ಖಾಲಿ. ಬರೆದ ನಾಲ್ಕು ಸಾಲಿನಲ್ಲಿ ಒತ್ತಕ್ಷರ ಎಲ್ಲೋ ಉದುರಿರುತ್ತದೆ, ದೀರ್ಘ ಹ್ರಸ್ವವಾಗಿರುತ್ತದೆ, ‘ಶಾಸನ’ ಹೋಗಿ ‘ಸಾಶನ’ ಆಗಿರುತ್ತದೆ. ಇಂಥ ಹುಡುಗನಿಗೆ ಪರೀಕ್ಷೆ ಮಾಡಿಸಿದಾಗ ಐಕ್ಯೂ 100 ಬರುವುದು ಅಪರೂಪವೇನಲ್ಲ. ಇದಕ್ಕೆ ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇದೂ ಸೇರಿತು. 2018ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಂತೆ, ಮೊದಲು ಬುದ್ಧಿಮತ್ತೆ ಪರೀಕ್ಷೆ. ಅಂಕ 85ಕ್ಕಿಂತ ಮೇಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಕಲಿಕಾ ಪರೀಕ್ಷೆಗಳಿಗೆ ಹೋಗಬೇಕಿತ್ತು. ಅಂದರೆ ಈ ದಾರಿಯಲ್ಲಿ ಬುದ್ಧಿಮತ್ತೆ ಪರೀಕ್ಷೆ ನಡೆಯುವುದು “ಈ ಮಗುವಿನ ತೊಂದರೆ ಬುದ್ಧಿಯದಲ್ಲ” ಎಂದು ಖಾತ್ರಿ ಮಾಡಿಕೊಳ್ಳಲು. ನಮ್ಮ 88ರ ಹುಡುಗ ಆ ಗೆರೆ ದಾಟಿದ್ದಾನೆ. ಅವನ ಮೇಷ್ಟ್ರು ಅದೇ ಸಂಖ್ಯೆಯಲ್ಲಿ ಕಂಡದ್ದು ಇದಕ್ಕೆ ನೇರ ವಿರುದ್ಧವಾದದ್ದು. ಪ್ರಮಾಣಪತ್ರ ಸಿಕ್ಕವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ಅನುಕೂಲಗಳಿವೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ ಈ ಹಾದಿ ಗೊತ್ತಿರುತ್ತದೆ.

ಆದರೆ ಒತ್ತಕ್ಷರ ತಪ್ಪಿದ ಎರಡನೇ ಕ್ಲಾಸಿನ ಮಗುವನ್ನೆಲ್ಲ ಈ ಪಟ್ಟಿಗೆ ಸೇರಿಸಬೇಡಿ. ಕನ್ನಡದ ಗುಣಿತ, ಒತ್ತು ಎಲ್ಲ ಸೇರಿ ಅಕ್ಷರಗಳ ಸಂಖ್ಯೆ ನೂರಾರು. ಕನ್ನಡ ಮಕ್ಕಳ ಓದನ್ನು ಬಹುಕಾಲ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು ತೋರಿಸಿದಂತೆ, ಎಲ್ಲವೂ ಕೈವಶವಾಗಲು ನಾಲ್ಕನೇ, ಐದನೇ ತರಗತಿಯವರೆಗೂ ಹಿಡಿಯುತ್ತದೆ. 2018ರ ಮಾರ್ಗಸೂಚಿಯಂತೆ ಪ್ರಮಾಣಪತ್ರಕ್ಕೂ ಮಗುವಿಗೆ ಎಂಟು ತುಂಬಿರಬೇಕಿತ್ತು.

ಕನ್ನಡಕ ಬೇಕಾದ ಮಗು, ಸದಾ ಕಿವಿ ಸೋರುವ ಮಗು ಕೂಡ ‘ತಲೆ ಇಲ್ಲದ’ವರ ಬೆಂಚಿನಲ್ಲೇ ಕೂತಿರುತ್ತದೆ. ಬುದ್ಧಿಗಿಂತ ಮೊದಲು ಕಣ್ಣು ಕಿವಿ ತೋರಿಸಿ.

“ಎನ್‌ಎಂಎಂಎಸ್ ಪಾಸಾದೋನು, ಐಕ್ಯೂ ಜಾಸ್ತಿನೇ ಇರ್ಬೇಕು”

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿಯವರಿಗೆ ಇರುವ ಈ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಮ್ಯಾಟ್ ಎಂದರೆ ಮಾನಸಿಕ ಸಾಮರ್ಥ್ಯ, ಸ್ಯಾಟ್ ಎಂದರೆ ಪಾಠದ ವಿಷಯ. ಗೆದ್ದವರಿಗೆ ಒಂಬತ್ತರಿಂದ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನವೋದಯದ ಪ್ರವೇಶ ಪರೀಕ್ಷೆಯ 80 ಪ್ರಶ್ನೆಗಳಲ್ಲೂ 40 ಇದೇ ಬಗೆಯ ಆಕೃತಿ, ಸರಣಿಗಳದ್ದು. ಇವು ಆಯ್ಕೆಯ ಪರೀಕ್ಷೆಗಳು, ವಯಸ್ಸಿನ ಪಟ್ಟಿಗೆ ಹೋಲಿಸಿ ಐಕ್ಯೂ ಹೇಳುವಂಥವಲ್ಲ. ಭಾನುವಾರ ಕ್ಲಾಸ್ ತೆಗೆದುಕೊಂಡು ಹಳೆಯ ಪ್ರಶ್ನೆಪತ್ರಿಕೆ ಮಾಡಿಸುವ ಮೇಷ್ಟ್ರು ಇರುವ ಶಾಲೆಯಿಂದ ಹತ್ತು ಮಂದಿ ಆಯ್ಕೆಯಾಗುತ್ತಾರೆ, ಮುಂದಿನ ಊರಿನ ಶಾಲೆಯಿಂದ ಒಬ್ಬರೂ ಇರುವುದಿಲ್ಲ. ಹಾಗೆ ಮಾಡಿಸುವ ಮೇಷ್ಟ್ರಿಗೆ ನಮಸ್ಕಾರ. ಆದರೆ ಅಲ್ಲಿ ಹೆಚ್ಚಿದ್ದು ಅಭ್ಯಾಸ.

“ಹುಟ್ಟುತ್ತ ಬಂದದ್ದು, ಬದಲಾಗಲ್ಲ”

ವಂಶದ ಪಾತ್ರ ಇಲ್ಲವೆಂದು ಯಾರೂ ಹೇಳುವುದಿಲ್ಲ. ಅದೊಂದೇ ಎನ್ನುವುದು ತಪ್ಪು.

ಮೊದಲು ಶಾಲೆಯನ್ನೇ ತೆಗೆದುಕೊಳ್ಳಿ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಮಾಡಿದ 2018ರ ಒಂದು ವಿಶ್ಲೇಷಣೆಯ ಪ್ರಕಾರ, ಹೆಚ್ಚುವರಿಯಾಗಿ ಓದಿದ ಒಂದೊಂದು ವರ್ಷವೂ ಬುದ್ಧಿಮತ್ತೆಯ ಅಂಕವನ್ನು 1ರಿಂದ 5ರವರೆಗೆ ಏರಿಸುತ್ತದೆ. ಐಕ್ಯೂ ಇದ್ದರೆ ಓದು ಬರುತ್ತದೆ ಎಂಬ ಮಾತಿನ ಇನ್ನೊಂದು ಮಗ್ಗುಲು ಇದು: ಓದಿದರೆ ಐಕ್ಯೂ ಅಂಕವೂ ಏರುತ್ತದೆ. ಟಿ. ನರಸೀಪುರ ರಸ್ತೆಯ ಸಿದ್ದರಾಮನಹುಂಡಿಯ ಸಿದ್ದರಾಮಯ್ಯನವರು ಹತ್ತು ವರ್ಷದವರೆಗೆ ಶಾಲೆಯ ಮೆಟ್ಟಿಲು ಹತ್ತದೆ, ನೇರ ಐದನೇ ತರಗತಿಗೆ ಸೇರಿದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರ ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ. ಒಂಬತ್ತನೇ ವಯಸ್ಸಿನಲ್ಲಿ ಆ ದನ ಕಾಯುವ ಹುಡುಗನ ಮುಂದೆ ಬಿನೆ ಪ್ರಶ್ನೆಗಳನ್ನು ಇಟ್ಟಿದ್ದರೆ ಬರುತ್ತಿದ್ದ ಅಂಕಕ್ಕೂ ಮುಂದಿನ ಲಾ ಡಿಗ್ರಿಗೂ ಎಷ್ಟು ದೂರವಿರುತ್ತಿತ್ತು ಎಂದು ಊಹಿಸಬಹುದು.

ಇನ್ನು ಹೊಟ್ಟೆಯ ಮಾತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಮಾತಿನ ಮಿಷನ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಪಾರ್ಥೆನಾನ್ ಅಧ್ಯಯನ ಎಂದು ಅದರ ಹೆಸರು. 9–10ನೇ ವಯಸ್ಸಿನಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳ ಕಲಿಕೆ, ನೆನಪು, ತರ್ಕವನ್ನು ಪರೀಕ್ಷಿಸಿದಾಗ ಕಂಡದ್ದು: ಬಸುರಿನಲ್ಲಿ ರಕ್ತದ ಫೋಲೇಟ್ ಮಟ್ಟ ಹೆಚ್ಚಿದ್ದ ತಾಯಂದಿರ ಮಕ್ಕಳ ಅಂಕ ಹೆಚ್ಚು. ತಂದೆ ತಾಯಿಯ ಓದು, ಮನೆಯ ಸ್ಥಿತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಉಳಿಯಿತು. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ ನಿಜ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣ–ಫೋಲಿಕ್ ಮಾತ್ರೆಯನ್ನು ಗೂಡಿನಲ್ಲಿಟ್ಟು ಮರೆಯದಿರಲು ಅಷ್ಟು ಸಾಕು. ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಬುದ್ಧಿ ಕುಗ್ಗುತ್ತದೆ ಎಂಬುದಕ್ಕಂತೂ ಪುರಾವೆ ಬಲವಾಗಿದೆ.

ಒಮ್ಮೆ ಬಂದ ಅಂಕವೇ ಕೊನೆ ಎಂದು ಸರ್ಕಾರವೂ ನಂಬುವುದಿಲ್ಲ. ಎಂಟರಲ್ಲಿ ಕೊಟ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 14ರಲ್ಲಿ, ಮತ್ತೆ 18ರಲ್ಲಿ ಪರೀಕ್ಷೆ ಮಾಡಿಸಿ ನವೀಕರಿಸಬೇಕು ಎಂದೇ 2018ರ ಮಾರ್ಗಸೂಚಿ ಹೇಳಿತು.

“ಚಿತ್ರದ ಪರೀಕ್ಷೆ ಆದ್ರೆ ಎಲ್ರಿಗೂ ಒಂದೇ”

ಭಾಷೆ ಅಡ್ಡ ಬರುತ್ತದೆ ಎಂಬುದು ನಿಜ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಓದಲು ಉಳಿದ ಕನ್ನಡಿಗರು ಹೆಣಗಿದ್ದು ನೆನಪಿರಬಹುದು. ಅದು ನಂಜನಗೂಡು ಸೀಮೆಯ ಮನೆಮಾತು. ಆ ಮಾತಿನಲ್ಲಿ ಬೆಳೆದ ಮಗುವಿಗೆ ಪುಸ್ತಕದ ಕನ್ನಡದಲ್ಲೋ, ಕಾನ್ವೆಂಟಿಗೆ ಹೋಗುತ್ತಾನೆ ಎಂಬ ಕಾರಣಕ್ಕೆ ಇಂಗ್ಲಿಷಿನಲ್ಲೋ ಪದದ ಅರ್ಥ ಕೇಳಿದರೆ, ಅಳೆಯುವುದು ಬುದ್ಧಿಯನ್ನೋ ಭಾಷೆಯನ್ನೋ? ಪರೀಕ್ಷಿಸುವವರಿಗೆ “ಮನೆಯಲ್ಲಿ ಮಾತಾಡೋದು ಹೀಗೆ” ಎಂದು ಮೊದಲೇ ಹೇಳಿಬಿಡಿ.

ಆದರೆ ಚಿತ್ರ, ಆಕೃತಿಗಳ ಪರೀಕ್ಷೆಯೂ ಪೂರ್ತಿ ಸಮವಲ್ಲ. ಅಲಹಾಬಾದಿನ ಸಿ.ಎಂ. ಭಾಟಿಯಾ 1955ರಲ್ಲಿ ಭಾರತದ ಹುಡುಗರಿಗೆಂದೇ ಐದು ಕೈಕೆಲಸದ ಪರೀಕ್ಷೆಗಳನ್ನು ರೂಪಿಸಿದಾಗ, ಓದು ಬಲ್ಲವರಿಗೆ ಒಂದು, ಬಾರದವರಿಗೆ ಒಂದು ಎಂದು ಬೇರೆ ಬೇರೆ ಪಟ್ಟಿ ಮಾಡಬೇಕಾಯಿತು. ಪೆನ್ಸಿಲ್ ಹಿಡಿಯುವುದು, ಹಾಳೆಯ ಮೇಲಿನ ಗೆರೆಯನ್ನು ವಸ್ತುವೆಂದು ನೋಡುವುದು, ಗಡಿಯಾರಕ್ಕೆ ಎದುರಾಗಿ ಕೆಲಸ ಮಾಡುವುದು, ಇವೆಲ್ಲ ಶಾಲೆಯೇ ಕಲಿಸುವಂಥವು.

“ಬೆರಳಚ್ಚು ಕೊಟ್ರೆ ಕಂಪ್ಯೂಟರ್ ಹೇಳ್ತದೆ”

ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಹತ್ತು ಬೆರಳಿನ ಗೆರೆ ನೋಡಿ ಮಗುವಿನ ಬುದ್ಧಿ, ಮುಂದೆ ಓದಬೇಕಾದ ಕೋರ್ಸು ಎಲ್ಲ ಹೇಳುತ್ತೇವೆ ಎಂದು ಬಣ್ಣದ ರಿಪೋರ್ಟ್ ಮಾರುವವರು ತಾಲ್ಲೂಕು ಕೇಂದ್ರಕ್ಕೂ ಬರುತ್ತಾರೆ. ವೈಜ್ಞಾನಿಕ ಆಧಾರ ಸೊನ್ನೆ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್ ಆಕ್ಟಿವೇಶನ್’ ಶಿಬಿರಗಳ ಗುಟ್ಟು ಮೂಗಿನ ಪಕ್ಕದ ಸಂದಿಯಲ್ಲಿದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲಿಗೆಳೆಯುತ್ತಲೇ ಬಂದಿದ್ದಾರೆ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ 140 ಕೊಡುವ ಆಟಗಳೂ ಈ ಸಾಲಿನವೇ.

“ಎಪ್ಪತ್ತಕ್ಕಿಂತ ಕಮ್ಮಿ, ಇನ್ನು ಮುಗೀತು”

ಬೌದ್ಧಿಕ ಅಂಗವೈಕಲ್ಯ ಎಂದು ನಿರ್ಧರಿಸಲು ಐಕ್ಯೂ ಒಂದೇ ಸಾಲದು. ಮಗು ತನ್ನ ದಿನವನ್ನು ಹೇಗೆ ನಡೆಸುತ್ತದೆ ಎಂಬುದನ್ನೂ ನೋಡಲೇಬೇಕು. ಅದಕ್ಕೆ ವೈನ್‌ಲ್ಯಾಂಡ್ ಎಂಬ ಸಾಮಾಜಿಕ ಪ್ರೌಢಿಮೆಯ ಮಾಪಕವಿದೆ, ಎ.ಜೆ. ಮಾಲಿನ್ ಅವರು ನಾಗಪುರದಲ್ಲಿ ಅದನ್ನು ಭಾರತಕ್ಕೆ ಒಗ್ಗಿಸಿದರು. ಇಲ್ಲಿ ಉತ್ತರ ಕೊಡುವುದು ತಾಯಿ. ತಾನೇ ಸ್ನಾನ ಮಾಡುತ್ತಾನಾ, ಅಂಗಡಿಗೆ ಹೋಗಿ ಸಾಮಾನು ತರುತ್ತಾನಾ, ಊರೊಳಗೆ ಒಬ್ಬನೇ ಓಡಾಡುತ್ತಾನಾ? ಅರ್ಧ ಲೀಟರ್ ಹಾಲು ಹಾಕಿ ಚಿಲ್ಲರೆ ಎಣಿಸಿಕೊಂಡು ಬರುವ, ಹುಂಡಿಯಿಂದ ಬಸ್ ಹತ್ತಿ ನರಸೀಪುರದ ನಿಲ್ದಾಣದಲ್ಲಿ ಇಳಿದು ಮಾವನ ಅಂಗಡಿ ಸೇರುವ ಹುಡುಗನಿಗೆ 66 ಬಂದಿದ್ದರೆ, ಆ 66ನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ತಾಯಂದಿರು ಇಲ್ಲಿ ಹೆಚ್ಚಾಗಿ ಮಾಡುವ ತಪ್ಪು: ಮಗನ ಮರ್ಯಾದೆ ಕಾಯಲು ಬಾರದ್ದನ್ನೂ ಬರುತ್ತದೆ ಎನ್ನುವುದು. ಸೌಲಭ್ಯ ಸಿಗಲೆಂದು ಬರುವುದನ್ನು ಬಾರದು ಎನ್ನುವವರೂ ಇದ್ದಾರೆ.

“ಒಟ್ಟು ಎಷ್ಟು ಅಂತ ಹೇಳಿ ಸಾಕು”

ಸಾಲದು. ಮಾಲಿನ್ ಅವರದೇ ಇನ್ನೊಂದು ಪರೀಕ್ಷೆ ‘ಮಿಸಿಕ್’ ಇದೆ, 1969ರದ್ದು. ಕಲಿಕಾ ನ್ಯೂನತೆಯ ತಪಾಸಣೆಗೆ 2018ರ ಮಾರ್ಗಸೂಚಿ ಹೆಸರಿಸಿದ ಪರೀಕ್ಷೆಗಳಲ್ಲಿ ಅದೂ ಒಂದು. ಅದರಲ್ಲಿ 11 ಉಪಪರೀಕ್ಷೆ. ಆರು ಮಾತಿನವು: ಸಾಮಾನ್ಯ ತಿಳಿವಳಿಕೆ, ಲೆಕ್ಕ, ಪದ, ಅಂಕೆಗಳನ್ನು ನೆನಪಿಟ್ಟು ಹೇಳುವುದು ಇತ್ಯಾದಿ. ಐದು ಕೈಯವು: ಅಪೂರ್ಣ ಚಿತ್ರ, ಕಟ್ಟಿಗೆ ತುಂಡಿನ ವಿನ್ಯಾಸ, ಬಿಡಿಭಾಗ ಜೋಡಣೆ, ಸಂಕೇತ, ಜಟಿಲ ದಾರಿ. ಎರಡರಲ್ಲೂ 88 ಬಂದ ಹುಡುಗಿಯ ಸರಾಸರಿ 88. ಮಾತಿನಲ್ಲಿ 76, ಕೈಯಲ್ಲಿ 100 ಬಂದ ಹುಡುಗನದೂ 88. ಹುಡುಗಿಗೆ ಎಲ್ಲ ಪಾಠವನ್ನೂ ತುಸು ನಿಧಾನವಾಗಿ, ಮತ್ತೊಮ್ಮೆ ಹೇಳಬೇಕು. ಹುಡುಗನಿಗೆ ಮೊದಲು ನೋಡಬೇಕಾದದ್ದು ಅವನ ಕಿವಿ, ಆಮೇಲೆ ಮನೆಮಾತು ಮತ್ತು ಶಾಲೆಯ ಭಾಷೆ, ಓದುವ ಬಗೆ. ಒಟ್ಟು ಅಂಕ ಮಾತ್ರ ಶಾಲೆಗೆ ತಲುಪಿದರೆ ಇಬ್ಬರಿಗೂ ಸಿಗುವುದು ಹಿಂದಿನ ಬೆಂಚು.

ಆದ್ದರಿಂದ ವರದಿ ತೆಗೆದುಕೊಳ್ಳುವ ದಿನ ಕೌಂಟರಿನಿಂದ ಹಾಗೇ ಹೊರಡಬೇಡಿ. ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ಕೇಳಿದಿರಿ, ಯಾವ ಭಾಗದಲ್ಲಿ ಚೆನ್ನಾಗಿ ಮಾಡಿದ, ಎಲ್ಲಿ ತಡವರಿಸಿದ, ಮತ್ತೆ ಯಾವಾಗ ಬರಬೇಕು, ಇಷ್ಟು ಕೇಳಿ. ತರಗತಿಯಲ್ಲಿ ಏನು ಮಾಡಬೇಕು ಎಂಬುದನ್ನು ಮೇಷ್ಟ್ರಿಗೆ ಕೊಡಲು ಕನ್ನಡದಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ. ಮೂಲ ಪ್ರತಿ ಮನೆಯಲ್ಲಿರಲಿ, ಶಾಲೆಗೆ ಜೆರಾಕ್ಸ್ ಸಾಕು.